ಆರೋಗ್ಯ ಮಂತ್ರಿಯ ಬ್ಯಾಡ್ಜು

ನಾನು ಆರೋಗ್ಯ ಮಂತ್ರಿಯಾಗಿದ್ದವಳು. ನಗುವವರು ಈಗಲೇ ನಕ್ಕು ಮುಗಿಸಿ. ಆಮೇಲೆ ನಗುವ ಸರದಿ ನನ್ನದು.

ನಮ್ಮ ಊರನ್ನು ಮೈಸೂರು ರಾಜ್ಯಕ್ಕೆ ಸೇರಿಸಿದ ಮರುವರ್ಷದ ಮಾತು. ನಾನು, ಅಂದರೆ ಕಿನ್ನಿ, ಏಳನೇ ತರಗತಿಯಲ್ಲಿದ್ದೆ. ಗೋಡೆಯ ಭೂಪಟದಲ್ಲಿ ಮಂಗಳೂರು ಇನ್ನೂ ಮದರಾಸಿನಲ್ಲೇ ಇತ್ತು. ಹೊಸ ಭೂಪಟ ಬಂದಿರಲಿಲ್ಲ, ಹೊಸ ಪಾಠ ಬಂದಿತ್ತು. ಅದರ ಹೆಸರು ಸಮಾಜ ಪರಿಚಯ. ಅದನ್ನು ಕಲಿಸಲಿಕ್ಕೆ ಯೂಸ್ಟೇಸ್ ಮಾಸ್ಟ್ರು ಬಂದಿದ್ದರು. ಟ್ರೈನಿಂಗ್ ಮುಗಿಸಿ ನೇರವಾಗಿ ನಮ್ಮ ಶಾಲೆಗೇ ಬಂದವರು. ಬಿಳಿ ಅಂಗಿ, ಬಿಳಿ ಪ್ಯಾಂಟು, ಬಾಯಿ ತುಂಬ ಪ್ರಜಾಪ್ರಭುತ್ವ.

ಮೊದಲ ದಿನವೇ ಅವರು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದರು: ಅಸ್ಪೃಶ್ಯತೆಯನ್ನು ರದ್ದು ಮಾಡಲಾಗಿದೆ. ಸಂವಿಧಾನದ ಹದಿನೇಳನೇ ವಿಧಿ. ಅಡಿಗೆರೆಯನ್ನೂ ಎಳೆದರು. ನಮ್ಮೆಲ್ಲರಿಂದ ಒಕ್ಕೊರಲಿನಲ್ಲಿ ಹೇಳಿಸಿದರು. ನಾನು ಕೊನೆಯ ಬೆಂಚಿನಲ್ಲಿ ಒಬ್ಬಳೇ ಕುಳಿತು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದೆ. ಆ ಬೆಂಚಿನಲ್ಲಿ ನನ್ನ ಪಕ್ಕ ಕುಳಿತುಕೊಳ್ಳಲು ಯಾರನ್ನೂ ಅವರು ಕಳಿಸಲಿಲ್ಲ.

ಆಮೇಲೆ ಮಂತ್ರಿಮಂಡಲ ಮಾಡಿದರು. ಓದಿ ಬಾಯಿಪಾಠ ಮಾಡಿದರೆ ಸಾಲದಂತೆ, ಪೌರರಾಗಿ ನಡೆದು ಕಲಿಯಬೇಕಂತೆ. ಪ್ರಧಾನ ಮಂತ್ರಿ ಕರುಣಾಕರ. ಬಲ್ಮಠದ ವಕೀಲರ ಮಗ. ಆಹಾರ ಮಂತ್ರಿ ಅಬ್ದುಲ್ ರಹ್ಮಾನ್. ಬಂದರಿನಲ್ಲಿ ಅವನ ಅಪ್ಪ ಹಸನಬ್ಬನ ಅಕ್ಕಿ ಅಂಗಡಿ. ರಕ್ಷಣಾ ಮಂತ್ರಿ ಆಂಬ್ರೋಸ್. ಅವನು ಎರಡು ಸಲ ಫೇಲಾಗಿ ಮೀಸೆ ಬಂದವನು. ಆರೋಗ್ಯ ಮಂತ್ರಿ ಎಂದು ನನ್ನ ಹೆಸರು ಓದಿದಾಗ ನನಗೆ ನಂಬಿಕೆಯೇ ಬರಲಿಲ್ಲ.

"ಅವರವರ ಯೋಗ್ಯತೆ ನೋಡಿ ಖಾತೆ ಕೊಟ್ಟಿದ್ದೇನೆ" ಎಂದರು ಮಾಸ್ಟ್ರು.

ಎಲ್ಲರಿಗೂ ಕೆಂಪು ರಿಬ್ಬನ್ನಿನ ಬ್ಯಾಡ್ಜು. ಪ್ರಧಾನ ಮಂತ್ರಿಯ ಎದೆಗೆ ಮಾಸ್ಟ್ರು ತಾವೇ ಪಿನ್ನು ಚುಚ್ಚಿದರು. ಆಹಾರಕ್ಕೂ ಚುಚ್ಚಿದರು, ರಕ್ಷಣೆಗೂ ಚುಚ್ಚಿದರು. ನನ್ನದನ್ನು ಮೇಜಿನ ಮೇಲಿಟ್ಟು, "ತಗೊಳ್ಳಮ್ಮ" ಎಂದರು. ನಾನು ಹುಡುಗಿ ಅಲ್ಲವೇ, ಅದಕ್ಕೆ ಇರಬೇಕು ಎಂದುಕೊಂಡೆ. ಕುಣಿಯುತ್ತ ಹೋಗಿ ತೆಗೆದುಕೊಂಡೆ.

ಮನೆಯಲ್ಲಿ ಹಬ್ಬ. ಅಮ್ಮ ದೇಯಿ ಆ ಬ್ಯಾಡ್ಜನ್ನು ನನ್ನ ರವಿಕೆಗೆ ಸೂಜಿದಾರದಿಂದ ಹೊಲಿದೇಬಿಟ್ಟಳು. ಪಿನ್ನು ಬಿಚ್ಚಿ ಎಲ್ಲಾದರೂ ಬಿದ್ದೀತೆಂಬ ಭಯ ಅವಳಿಗೆ. ಅವಳು ನೇತ್ರಾವತಿ ದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುವವಳು. ಹಲಗೆ ಹೊತ್ತು ಹೊತ್ತು ಅವಳ ನೆತ್ತಿಯಲ್ಲಿ ಕೂದಲೇ ಉಳಿದಿರಲಿಲ್ಲ. ಮರುದಿನ ಆ ಬೋಳು ನೆತ್ತಿಯ ಮೇಲೆ ಬುಟ್ಟಿ ಇಟ್ಟು, ಅವಲಕ್ಕಿ ಬೆಲ್ಲ ಕಲಸಿ ಕೊಂಡುಹೋಗಿ ಕಾರ್ಖಾನೆ ತುಂಬ ಹಂಚಿದಳು. ಸಂಜೆ ಅಲ್ಲಿನ ಹೆಂಗಸರೆಲ್ಲ ನಮ್ಮ ಗುಡಿಸಲಿಗೆ ಬಂದರು.

"ಕಾರ್ಖಾನೆಯಲ್ಲಿ ನಮಗೆ ಕಕ್ಕಸು ಇಲ್ಲ ಮಗಾ. ಹೊಳೆಬದಿಗೆ ಹೋಗಬೇಕು. ನೀನು ಆರೋಗ್ಯ ಅಲ್ವಾ? ಸ್ವಲ್ಪ ನೋಡು" ಎಂದಳು ರತ್ನಾವತಿ ಅಕ್ಕ.

"ಪರಿಶೀಲಿಸುತ್ತೇನೆ" ಎಂದೆ. ಆ ಪದವನ್ನು ಆವತ್ತೇ ಕಲಿತಿದ್ದೆ. ರತ್ನಾವತಿ ಅಕ್ಕನಿಗೆ ಎಷ್ಟು ಖುಷಿಯಾಯಿತೆಂದರೆ ನನ್ನ ಗಲ್ಲ ಹಿಂಡಿ ಕೆಂಪು ಮಾಡಿದಳು.

ಖಾತೆ ಏನೆಂದು ಮರುದಿನ ತಿಳಿಯಿತು. ಶಾಲೆಯ ಹಿಂದೆ ಹುಡುಗರ ಕಕ್ಕಸು ಇತ್ತು. ತೊಳೆಯುತ್ತಿದ್ದವನು ಬಿಟ್ಟುಹೋಗಿ ತಿಂಗಳುಗಳಾಗಿದ್ದವು. ಮಾಸ್ಟ್ರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದರು. ದೂರದಲ್ಲಿ ನಿಂತರು.

"ಇದು ನಿನ್ನ ಇಲಾಖೆ" ಎಂದರು.

ಒಂದು ಬಾಲ್ದಿ, ಗುಡಿಸಲು ಒಂದು ಹಿಡಿಸೂಡಿ, ಒಂದು ಡಬ್ಬ ಸುಣ್ಣ, ಫಿನಾಯಿಲ್. ಬಾವಿಯ ಹಗ್ಗ ನಾನು ಮುಟ್ಟುವಂತಿಲ್ಲ. ಜವಾನ ನೀರು ಸೇದಿ ಮೇಲಿನಿಂದ ನನ್ನ ಬಾಲ್ದಿಗೆ ಸುರಿಯುತ್ತಿದ್ದ. ಅರ್ಧ ನೀರು ನನ್ನ ಲಂಗದ ಮೇಲೆ. ಬಗ್ಗಿ ಉಜ್ಜಬೇಕು. ಮೂಗು ಮುಚ್ಚಲು ಕೈ ಖಾಲಿ ಇಲ್ಲ. ನೊಣ ತುಟಿಯ ಮೇಲೆ ಕೂರುತ್ತದೆ. ಉಗುಳಿದರೆ ಇನ್ನೊಂದು ಕೂರುತ್ತದೆ. ಸುಣ್ಣಕ್ಕೆ ಬೆರಳಿನ ಚರ್ಮ ಸುಲಿದು ಬಂತು. ಪೆನ್ಸಿಲ್ ಹಿಡಿದರೆ ಉರಿ. ತೊಳೆದು ತರಗತಿಗೆ ಬಂದರೆ ಪ್ರಧಾನ ಮಂತ್ರಿ ಎದ್ದು ನಿಂತು ಕೂಗುತ್ತಿದ್ದ:

"ಆರೋಗ್ಯ ಮಂತ್ರಿಗಳು ಬಂದರು! ಮೂಗು!"

ಎಲ್ಲರೂ ಮೂಗು ಹಿಡಿಯುತ್ತಿದ್ದರು. ಮಾಸ್ಟ್ರು "ಸೈಲೆನ್ಸ್" ಎನ್ನುತ್ತಿದ್ದರು. ಅಷ್ಟೇ ಎನ್ನುತ್ತಿದ್ದರು. ಅಬ್ದುಲ್ ರಹ್ಮಾನ್ ಮಾತ್ರ ಮೂಗು ಹಿಡಿಯುತ್ತಿರಲಿಲ್ಲ. "ನಮ್ಮ ಮನೆಯಲ್ಲಿ ಒಣಮೀನಿನ ಗೋದಾಮು ಉಂಟು ಮಾರಾಯ್ತಿ, ನನ್ನ ಮೂಗು ಸತ್ತು ಯಾವ ಕಾಲ ಆಯ್ತು" ಎನ್ನುತ್ತಿದ್ದ.

ಮನೆಯಲ್ಲಿ ನಾನು ಬಾಯಿಬಿಡಲಿಲ್ಲ. ಅವಲಕ್ಕಿ ಹಂಚಿದವಳಿಗೆ ಏನೆಂದು ಹೇಳಲಿ? ಆದರೆ ಒಂದು ಭಾನುವಾರ ಅಮ್ಮ ದಾಸವಾಳದ ಸೊಪ್ಪು ಅರೆದು ನನ್ನ ತಲೆ ತೊಳೆಯಲು ಕೂತಳು. ಕೂದಲು ಮೂಸಿದಳು. ಬೆರಳು ಎಳೆದು ನೋಡಿದಳು.

"ಎಂತದಿದು?"

"ಖಾತೆ ಅಮ್ಮ."

"ಎಂತ ಖಾತೆ?"

ಹೇಳಿದೆ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಕ್ಕರಿಸಿ ಎದೆ ಬಡಿದುಕೊಂಡಳು.

"ಅಯ್ಯೋ ಮಗಾ! ಕಕ್ಕಸಿಗೆ ಅವಲಕ್ಕಿ ಹಂಚಿದೆನಲ್ಲಾ! ಕಾರ್ಖಾನೆ ಇಡೀ ಹಂಚಿದೆನಲ್ಲಾ!"

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ನಾನು ಸೊಪ್ಪಿನ ನೊರೆಯ ತಲೆಯಲ್ಲೇ ಅವಳನ್ನು ತಬ್ಬಿಕೊಂಡೆ. ನನಗೆ ಸಿಟ್ಟು ಬಂದಿತ್ತು. ಮೂಗು ಹಿಡಿದವರ ಮೇಲಲ್ಲ. ಆ ಅವಲಕ್ಕಿಗಾಗಿ ಸಿಟ್ಟು ಬಂದಿತ್ತು.

ಅಪ್ಪ ನೋಣಯ್ಯ ಮೂಲೆಯಲ್ಲಿ ಕುಳಿತು ವೀಳ್ಯ ಅಗಿಯುತ್ತಿದ್ದ. ಅಪ್ಪನ ವಿಷಯ ಇಲ್ಲಿ ಹೇಳಬೇಕು. ನಮ್ಮದು ದೈವ ಕಟ್ಟುವ ಕುಲ. ನೇಮದ ದಿನ, ಅಂದರೆ ದೈವದ ಉತ್ಸವದ ದಿನ, ಅಪ್ಪ ಮುಖಕ್ಕೆ ಬಣ್ಣ ಬಳಿದು, ತೆಂಗಿನ ಗರಿ ಉಟ್ಟು, ಕಾಲಿಗೆ ಗಗ್ಗರದ ಗೆಜ್ಜೆ ಕಟ್ಟಿದರೆ ಆಮೇಲೆ ಅವನು ನೋಣಯ್ಯ ಅಲ್ಲ, ದೈವ. ಅಮ್ಮ ಪುಟ್ಟ ಚರ್ಮವಾದ್ಯ ತೆಂಬರೆ ಬಡಿದು ದೈವದ ಕತೆಯ ಪಾಡ್ದನ ಹಾಡುತ್ತಾಳೆ. ಅಪ್ಪ ದೈವದ ನುಡಿ ಕೊಡುವಾಗ ಗುತ್ತಿನ, ಅಂದರೆ ಊರಿನ ದೊಡ್ಡ ಜಮೀನಿನ ಮನೆಯ, ಯಜಮಾನ ಹೆಗಲಿನ ಶಾಲು ಸೊಂಟಕ್ಕೆ ಕಟ್ಟಿ, ಕೈಮುಗಿದು ಎದುರು ನಿಲ್ಲಬೇಕು. ಕೇಳಿದ್ದಕ್ಕೆ ಉತ್ತರ ಹೇಳಬೇಕು. ಒಪ್ಪಿದ ಮಾತಿಗೆ ತಪ್ಪುವಂತಿಲ್ಲ. ಬೆಳಿಗ್ಗೆ ಬಣ್ಣ ತೊಳೆದರೆ ಅಪ್ಪ ಮತ್ತೆ ನೋಣಯ್ಯ. ಅದೇ ಅಂಗಳದ ಮೂಲೆಯಲ್ಲಿ ಉಂಡು, ಎಲೆ ತಾನೇ ಎತ್ತಿ, ಕೂತ ಜಾಗಕ್ಕೆ ಸೆಗಣಿ ಸಾರಿಸಿ ಬರಬೇಕು. ಆ ಅಂಗಳ ಯಾರದ್ದೆಂದು ಕೇಳುತ್ತೀರಾ? ಬೈಕಂಪಾಡಿ ಕಡೆಯ ಗದ್ದೆಗಳ ನಡುವಿನ ಗುತ್ತಿನ ಮನೆಯದ್ದು. ಯಜಮಾನರು ನಮ್ಮ ಪ್ರಧಾನ ಮಂತ್ರಿಯ ಅಪ್ಪ, ಬಲ್ಮಠದ ವಕೀಲರು.

ಅಪ್ಪ ಉಗುಳಿ ಬಂದು ನನ್ನ ಎದುರು ಕುಳಿತ.

"ಬ್ಯಾಡ್ಜು ಕೊಟ್ಟದ್ದು ಯಾರು?"

"ಮಾಸ್ಟ್ರು."

"ನೀನು ಕೇಳಿದ್ದಾ?"

"ಇಲ್ಲ."

"ಎಲ್ಲರ ಎದುರು ಕೊಟ್ಟದ್ದಾ?"

"ಹೌದಪ್ಪ."

"ಹಾಗಾದ್ರೆ ಮುಗೀತಲ್ಲ ಮಾರಾಯ್ತಿ! ಅವರಾಗಿಯೇ ಕೊಟ್ಟಿದ್ದಾರೆ. ಬಿಚ್ಚುವವರೆಗೆ ಮಾತು ನಿಂದು. ನೀನು ಕೇಳಬೇಕು, ಅವರು ನಿಂತು ಉತ್ತರ ಹೇಳಬೇಕು. ಗಗ್ಗರ ಕಟ್ಟಿಕೊಂಡು ಯಾರಾದರೂ ಅಂಗಳ ಗುಡಿಸ್ತಾರಾ?"

ಶಾಲೆಯ ಮಂತ್ರಿಮಂಡಲ ಎಂದರೆ ಮಕ್ಕಳಾಟ ಎಂದು ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಪಟ್ಟ ಕಟ್ಟಿದ ಮೇಲೆ ಅದು ಪಟ್ಟವೇ ಎಂದು ನಂಬಿದವನು. ನಾನು ಬಾಯಿ ತೆರೆದೆ, ಇದು ಆಟ ಅಪ್ಪ ಎಂದು ಹೇಳಲಿಕ್ಕೆ. ಮತ್ತೆ ಮುಚ್ಚಿಕೊಂಡೆ. ಕಕ್ಕಸು ಮಾತ್ರ ನಿಜ, ಮಂತ್ರಿ ಮಾತ್ರ ಆಟ, ಅದು ಹೇಗಾಗುತ್ತದೆ? ನನಗೆ ತಡೆಯಲಾರದಷ್ಟು ನಗು ಬಂತು.

ಆ ಶನಿವಾರ ಶಾಲೆಯಲ್ಲಿ ಹೆತ್ತವರ ಸಭೆ. ಮುಂದಿನ ಕುರ್ಚಿಗಳಲ್ಲಿ ವಕೀಲರು, ಡಾಕ್ಟರು. ಹಿಂದೆ ಬೆಂಚುಗಳಲ್ಲಿ ಅಂಗಡಿಯವರು. ಅಪ್ಪ ಅಮ್ಮ ಹೊರಗೆ ಜಗಲಿಯಲ್ಲಿ, ಕಿಟಕಿಯ ಹತ್ತಿರ ನಿಂತಿದ್ದರು. ಒಳಗೆ ಬನ್ನಿ ಎಂದು ಯಾರೂ ಹೇಳಲಿಲ್ಲ. ಹೊರಗೆ ನಿಲ್ಲಿ ಎಂದೂ ಹೇಳಲಿಲ್ಲ. ಹೇಳದೆಯೇ ನಡೆಯುವ ಕೆಲಸ ಅದು.

ಯೂಸ್ಟೇಸ್ ಮಾಸ್ಟ್ರು ಎದ್ದು ನಿಂತರು.

"ಸಮಾಜ ಪರಿಚಯದಿಂದ ಮನೆಯವರು ಎಂತ ನಿರೀಕ್ಷೆ ಮಾಡಬಹುದು ಅಂತ ಹೇಳ್ತೇನೆ. ನಿಮ್ಮ ಮಕ್ಕಳು ಇನ್ನು ಪ್ರಶ್ನೆ ಕೇಳ್ತಾರೆ. ಹೆದರಬೇಡಿ. ಹಕ್ಕು ಕಲೀತಾರೆ, ಬಾಧ್ಯತೆ ಕಲೀತಾರೆ. ಬರೀ ಬಾಯಿಪಾಠ ಅಲ್ಲ, ಕಲಿತದ್ದನ್ನು ಮಾಡಿ ತೋರಿಸ್ತಾರೆ."

"ಪ್ರಶ್ನೆ ಕೇಳಿದ್ರೆ ಉತ್ತರ ನೀವೇ ಕೊಡಬೇಕು ಮಾಸ್ಟ್ರೇ, ನನ್ನಿಂದ ಆಗುದಿಲ್ಲ" ಎಂದ ಹಸನಬ್ಬ ಹಿಂದಿನಿಂದ. ಸಭೆ ನಕ್ಕಿತು.

ಮಂತ್ರಿಗಳು ಒಬ್ಬೊಬ್ಬರಾಗಿ ವರದಿ ಒಪ್ಪಿಸಿದರು. ಕರುಣಾಕರ ದೇಶವನ್ನು ಮುನ್ನಡೆಸಿದ. ಆಂಬ್ರೋಸ್ ಗಡಿ ಕಾದ. ಅಬ್ದುಲ್ ರಹ್ಮಾನ್ ಎದ್ದು, "ಆಹಾರ ಇಲಾಖೆಯಲ್ಲಿ ಆಹಾರ ಇಲ್ಲ, ಉಳಿದದ್ದೆಲ್ಲ ಉಂಟು" ಎಂದು ಕುಳಿತುಬಿಟ್ಟ. ಆಮೇಲೆ ನನ್ನನ್ನು ಕರೆದರು.

ನನಗೆ ಎರಡು ವಾಕ್ಯ ಬಾಯಿಪಾಠ ಮಾಡಿಸಿದ್ದರು. ಶಾಲೆಯ ಆರೋಗ್ಯ ಚೆನ್ನಾಗಿದೆ. ಎಲ್ಲರ ಸಹಕಾರಕ್ಕೆ ವಂದನೆಗಳು. ನಾನು ವೇದಿಕೆಗೆ ಬರುವಾಗ ಬಾಲ್ದಿಯನ್ನೂ ಹಿಡಿಸೂಡಿಯನ್ನೂ ತಂದೆ. ನಡುಮಧ್ಯೆ ಇಟ್ಟೆ. ಮುಂದಿನ ಸಾಲಿನವರು ಕುರ್ಚಿ ಹಿಂದಕ್ಕೆ ಸರಿಸಿದರು. ಮಾಸ್ಟ್ರ ಮುಖ ಬಿಳಿಚಿತು.

"ಶಾಲೆಯ ಆರೋಗ್ಯ ಚೆನ್ನಾಗಿದೆ" ಎಂದೆ. "ಎಲ್ಲರ..."

ಸಹಕಾರ ಎನ್ನುವ ಪದದ ಹತ್ತಿರ ನಿಂತುಬಿಟ್ಟೆ. ಯಾರ ಸಹಕಾರ? ಇಳಿದು ಓಡಿಹೋಗೋಣ ಎನ್ನಿಸಿತು. ಆಗ ಕಿಟಕಿಯ ಹಲಗೆಯ ಮೇಲೆ ಸದ್ದು ಕೇಳಿತು. ಮೆಲ್ಲಗೆ, ಬೆರಳಿನಿಂದ. ಅಮ್ಮ ತೆಂಬರೆ ಬಡಿಯುವ ಲಯ. ಕೈ ತಾನಾಗಿಯೇ ಹೋಯಿತು ಮಗಾ ಎಂದು ಸಾಯುವವರೆಗೂ ಅವಳು ಹೇಳಿದಳು. ನಾನು ನಂಬಿಲ್ಲ.

ಆ ಲಯ ಕೇಳುತ್ತಲೇ ಬೆಳೆದವಳು ನಾನು. ನನ್ನ ಬೆನ್ನು ನೆಟ್ಟಗಾಯಿತು. ಸ್ವರ ಹೊಟ್ಟೆಯೊಳಗಿನಿಂದ ಬಂತು. ಬಾಯಿಗೆ ಅಪ್ಪನ ನುಡಿಯ ತುಳುವೇ ಬಂತು.

"ಗುತ್ತಿನ ಹಿರಿಯರೇ! ಎದುರು ಬಂದಿದ್ದೀರಾ?"

ಮೊದಲ ಸಾಲಿನಲ್ಲಿ ವಕೀಲರು ಎದ್ದು ನಿಂತರು. ಯೋಚಿಸಿ ಎದ್ದದ್ದಲ್ಲ. ಮೈ ಎದ್ದಿತು. ಹೆಗಲಿನ ಶಾಲು ಸೊಂಟಕ್ಕೆ ಇಳಿಯಿತು. ಕೈ ಮುಗಿಯಿತು. ತಲೆ ಬಾಗಿತು.

"ಬಂದಿದ್ದೇನೆ" ಎಂದರು.

ಅಮ್ಮನ ಬೆರಳು ನಿಲ್ಲಲಿಲ್ಲ.

"ಒಂದು ಮಾತು ಕೇಳ್ತೇನೆ. ನಿಮ್ಮ ಮಗ ಕೂರುವ ಕಕ್ಕಸನ್ನು ನನ್ನ ಕೈ ತೊಳೀತಾ ಉಂಟು. ನಿಮ್ಮ ಮಗನ ಕೈಯೂ ತೊಳೆಯಲಿ. ಇವತ್ತು ಒಬ್ಬರು, ನಾಳೆ ಒಬ್ಬರು, ಎಲ್ಲರ ಮಕ್ಕಳೂ ಸರದಿಯಲ್ಲಿ. ಒಪ್ಪಿಗೆ ಉಂಟಾ, ಇಲ್ಲವಾ?"

"ಒಪ್ಪಿಗೆ ಉಂಟು" ಎಂದರು ವಕೀಲರು, ಕೈಮುಗಿದೇ.

ಹಸನಬ್ಬ ಬೆಂಚಿನ ಮೇಲೆ ಹತ್ತಿ ನಿಂತ. "ವಕೀಲರು ಒಪ್ಪಿದರು! ಕೇಳಿದ್ದೀರಲ್ಲ? ಸಾಕ್ಷಿಗೆ ನಾನು ಉಂಟು! ಬಂದರ್ ಇಡೀ ಉಂಟು!"

ನಗು ಎಂದರೆ ಎಂತಹ ನಗು! ಬೆಂಚುಗಳು ಅಲುಗಾಡಿದವು. ಡಾಕ್ಟರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಆಗ ವಕೀಲರಿಗೆ ತಾವು ಎಲ್ಲಿದ್ದೇವೆ ಎಂಬುದು ತಿಳಿಯಿತು. ಮುಗಿದ ಕೈಯನ್ನು ನೋಡಿಕೊಂಡರು. ಸೊಂಟದ ಶಾಲನ್ನು ನೋಡಿಕೊಂಡರು.

"ಏಯ್! ದೈವದ ಕ್ರಮವನ್ನು ಶಾಲೆಯಲ್ಲಿ ಆಡ್ತೀಯಾ?" ಎಂದು ಕಿರುಚಿದರು.

"ನಾನು ಯಾವ ದೈವದ ಹೆಸರೂ ಹೇಳ್ಲಿಲ್ಲ" ಎಂದೆ. "ನಾನು ಆರೋಗ್ಯ ಮಂತ್ರಿ. ಎದ್ದು ನಿಂತದ್ದು ನೀವೇ."

"ನೋಣಯ್ಯ! ನಿನ್ನ ಮಗಳಿಗೆ ಹೇಳು!"

ಅಪ್ಪ ಕಿಟಕಿಯ ಆಚೆ ಕೈಮುಗಿದ. ಬೆನ್ನು ಮಾತ್ರ ಬಗ್ಗಿಸಲಿಲ್ಲ. "ನೀವು ಒಪ್ಪಿ ಆಯ್ತಲ್ಲ ಧಣಿಗಳೇ. ಒಪ್ಪಿದ ಮೇಲೆ ನಾನು ಹೇಳುವುದು ಎಂತ ಉಂಟು?"

ವಕೀಲರು ಶಾಲನ್ನು ಮತ್ತೆ ಹೆಗಲಿಗೆ ಹಾಕಿ ಕುಳಿತರು. ಕೋರ್ಟಿನಲ್ಲಿ ಎಷ್ಟು ಸುಳ್ಳು ಹೇಳಿದವರೋ ಗೊತ್ತಿಲ್ಲ, ನುಡಿಗೆ ಒಪ್ಪಿ ತಪ್ಪಲು ಮಾತ್ರ ಅವರಿಗೆ ಎದೆ ಇರಲಿಲ್ಲ. ಅವರ ಮನೆಯ ಹೆಂಗಸರೇ ಆಮೇಲೆ ಮಾತು ತಪ್ಪಲು ಬಿಡಲಿಲ್ಲವಂತೆ.

ಸೋಮವಾರ ಬೆಳಿಗ್ಗೆ ಪ್ರಧಾನ ಮಂತ್ರಿ ಬಾಲ್ದಿ ಹಿಡಿದು ಬಂದ. ಇಸ್ತ್ರಿ ಮಾಡಿದ ಚಡ್ಡಿ. ಕಣ್ಣಲ್ಲಿ ನೀರು. ಶಾಲೆಯ ಬೇಲಿಯ ಹೊರಗೆ ರತ್ನಾವತಿ ಅಕ್ಕನೂ ಕಾರ್ಖಾನೆಯ ಹೆಂಗಸರೂ ಅರ್ಧ ದಿನದ ಕೂಲಿ ಬಿಟ್ಟು ನೋಡಲು ನಿಂತಿದ್ದರು. ಕರುಣಾಕರ ಬಾಗಿಲವರೆಗೆ ಹೋದ, ಓಡಿ ಬಂದ, ಬಾಳೆಗಿಡದ ಬುಡದಲ್ಲಿ ವಾಂತಿ ಮಾಡಿದ. ಮತ್ತೆ ಹೋದ. ನಾನು ಸೊಂಟಕ್ಕೆ ಕೈಕೊಟ್ಟು ನಿಂತಿದ್ದೆ.

"ಕಿನ್ನೀ, ಸುಣ್ಣ ಎಷ್ಟು ಹಾಕುವುದು?"

"ಮಂತ್ರಿಗಳೇ ಅನ್ನು."

"ಮಂತ್ರಿಗಳೇ, ಸುಣ್ಣ ಎಷ್ಟು?"

"ಒಂದು ತೆಂಗಿನ ಗೆರಟೆ. ಕೈಗೆ ತಾಗಿಸಬೇಡ. ಚರ್ಮ ಹೋಗ್ತದೆ."

ತೊಳೆದು ತರಗತಿಗೆ ಬಂದಾಗ ಅಬ್ದುಲ್ ರಹ್ಮಾನ್ ಎದ್ದು, "ಪ್ರಧಾನ ಮಂತ್ರಿಗಳು ಬಂದರು! ಮೂಗು!" ಎಂದ. ಯಾರೂ ಮೂಗು ಹಿಡಿಯಲಿಲ್ಲ. ನಾಳೆ ಯಾರ ಸರದಿಯೋ ಎಂದು ಎಲ್ಲರಿಗೂ ಹೆದರಿಕೆ.

ಮರುದಿನ ತೊಳೆದದ್ದು ಡಾಕ್ಟರ ಮಗ. ಮನೆಮನೆಯಿಂದ ದೂರು ಬಂತು. ಬುಧವಾರ ಯೂಸ್ಟೇಸ್ ಮಾಸ್ಟ್ರು ಕೆಂಪು ಕಣ್ಣು ಮಾಡಿಕೊಂಡು ಬಂದರು. ರಾತ್ರಿ ನಿದ್ದೆ ಮಾಡಿರಲಿಕ್ಕಿಲ್ಲ ಪಾಪ.

"ಮಂತ್ರಿಮಂಡಲ ವಿಸರ್ಜನೆ ಆಗಿದೆ" ಎಂದರು. "ಎಲ್ಲರೂ ಬ್ಯಾಡ್ಜು ಮೇಜಿನ ಮೇಲೆ ಇಡಿ. ಕಿನ್ನಿ, ನೀನು ಮೊದಲಿನ ಹಾಗೆ ಹಿಂದುಗಡೆಯ ಕೆಲಸ ನೋಡಿಕೋ. ಅದು ಸೇವೆ ಅಂತ ತಿಳಿ."

ಕರುಣಾಕರ ಓಡಿಹೋಗಿ ಇಟ್ಟ. ಉಳಿದವರೂ ಇಟ್ಟರು. ನಾನು ಎದ್ದು ನಿಂತೆ.

"ಇಡುವುದಿಲ್ಲ ಮಾಸ್ಟ್ರೇ."

"ರಾಜೀನಾಮೆ ಕೊಡು ಅಂತ ಹೇಳ್ತಾ ಇದ್ದೇನೆ."

"ಕೊಡುವುದಿಲ್ಲ. ಬ್ಯಾಡ್ಜು ಇರುವವರೆಗೆ ನನ್ನ ಆರ್ಡರು ಉಂಟು. ಸರದಿ ಸರದಿಯೇ. ಕೊಟ್ಟವರು ನೀವು. ಬೇಕಾದ್ರೆ ನೀವೇ ಬಿಚ್ಚಿ."

ಅವರು ಕೋಪದಿಂದ ಕೊನೆಯ ಬೆಂಚಿನವರೆಗೆ ಬಂದರು. ಕೈ ಚಾಚಿದರು. ನನ್ನ ಹೆಗಲಿನ ಹತ್ತಿರ ಬಂದ ಕೈ ಅಲ್ಲೇ ನಿಂತಿತು. ಬ್ಯಾಡ್ಜು ಪಿನ್ನಿನದ್ದಲ್ಲ, ಅಮ್ಮ ಹೊಲಿದದ್ದು. ಬಿಚ್ಚಬೇಕಾದರೆ ರವಿಕೆ ಹಿಡಿಯಬೇಕು, ದಾರ ಕೀಳಬೇಕು. ನನ್ನನ್ನು ಮುಟ್ಟಬೇಕು. ಹುಡುಗಿ ಎಂದಲ್ಲ. ಕಳೆದ ವಾರ ಮುಂದಿನ ಬೆಂಚಿನ ಮುನೀರಾಳ ಕಿವಿಯನ್ನು ಹಿಂಡಿದ ಕೈ ಅದೇ.

"ಬಿಚ್ಚಿ ಮಾಸ್ಟ್ರೇ" ಎಂದು ಒಂದು ಹೆಜ್ಜೆ ಮುಂದಿಟ್ಟೆ.

ಅವರು ಒಂದು ಹೆಜ್ಜೆ ಹಿಂದಿಟ್ಟರು.

ನಾನು ಇನ್ನೊಂದು ಇಟ್ಟೆ. ಅವರು ಇನ್ನೊಂದು. ಬೆಂಚುಗಳ ನಡುವೆ ಹಾಗೆಯೇ ಹೋದೆವು, ನಾನು ಮುಂದಕ್ಕೆ, ಅವರು ಹಿಂದಕ್ಕೆ. ಯಾರೋ ಕಿಸಕ್ಕೆಂದರು. ಆಮೇಲೆ ತರಗತಿಯೇ ನಗತೊಡಗಿತು. ಮಾಸ್ಟ್ರ ಬೆನ್ನು ಗೋಡೆಗೆ ತಾಗಿ ಮದರಾಸಿನ ಭೂಪಟ ದಡಕ್ಕನೆ ಕೆಳಗೆ ಬಿತ್ತು. ಅದರ ಹಿಂದೆ ಗೋಡೆಯ ಮೇಲೆ, ಹಿಂದಿನ ಯಾರೋ ಮಕ್ಕಳು ಸೀಮೆಸುಣ್ಣದಲ್ಲಿ ಬರೆದ ಕತ್ತೆಯ ಚಿತ್ರವಿತ್ತು.

"ಹದಿನೇಳನೇ ವಿಧಿ ಹೇಳಲಾ ಮಾಸ್ಟ್ರೇ?" ಎಂದೆ. "ನನಗೆ ಬಾಯಿಪಾಠ ಉಂಟು."

ಅವರು ನನ್ನನ್ನು ನೋಡಲಿಲ್ಲ. ತಮ್ಮ ಕೈಯನ್ನೇ ನೋಡುತ್ತ ನಿಂತರು. ಆಗ ಆಂಬ್ರೋಸ್ ಎದ್ದು ಮೀಸೆ ಒರೆಸಿಕೊಂಡ.

"ಇವತ್ತು ನನ್ನ ಸರದಿ ಅಲ್ವಾ ಮಂತ್ರಿಗಳೇ?" ಎಂದು ಬಾಲ್ದಿ ಎತ್ತಿಕೊಂಡು ಹೊರಗೆ ನಡೆದ.

ನನ್ನ ಸರದಿಯೂ ಬಂತು. ಆ ದಿನ ನಾನೂ ತೊಳೆದೆ, ಬಾವಿಯ ಹಗ್ಗ ನಾನೇ ಹಿಡಿದು ನೀರು ಸೇದಿ ತೊಳೆದೆ. ವರ್ಷ ಮುಗಿಯಿತು. ಮಾಸ್ಟ್ರು ವರ್ಗವಾಗಿ ಹೋದರು. ಹೊಸ ಭೂಪಟವೂ ಬಂತು. ಆ ರವಿಕೆ ನನಗೆ ಗಿಡ್ಡವಾಯಿತು, ಹರಿಯಿತು. ಬ್ಯಾಡ್ಜನ್ನು ಬಿಚ್ಚಲು ಮಾತ್ರ ಯಾರೂ ಬರಲಿಲ್ಲ. ಹಾಗಾಗಿ ಇವತ್ತಿಗೂ ಆರೋಗ್ಯ ಮಂತ್ರಿ ನಾನೇ.